ನಾಲ್ಕರಾಗ ಎರಡಕ್ಕ ರಜಾ

ಮಹಾಗಾಂವದಿಂದ ಹೊಂಟು, ಗಡಹಿಂಗ್ಲಜ ದಾಟಿ, ಸಂಕೇಶ್ವರದಾಗ ಹೈವೇ ಹತ್ತಿದ್ರಿ ಅನ್ಕೋರಿ. ಕಾರು ಸ್ಕೋಡಾ ಕುಶಾಕ್, ನಮ್ಮ ಪುಣೆ ಕಡೆ ಚಾಕಣದಾಗ ತಯಾರಾಗಿದ್ದು. 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಸಪಾಟ ರಸ್ತಾದಾಗ ಆಕ್ಸಲರೇಟರ್ ಹಗುರ ಒತ್ತಿ ಹೊಂಟ್ರ, ನಾಲ್ಕು ಸಿಲಿಂಡರಿನಾಗ ನಡುವಿನ ಎರಡು, ಅಂದ್ರ 2 ಮತ್ತು 3, ಕೆಲಸ ನಿಲ್ಲಸ್ತಾವ.

ಪಿಸ್ಟನ್ ನಿಲ್ಲೂದಿಲ್ಲ, ಮತ್ತ! ಅದು ಮ್ಯಾಲೆ ಕೆಳಗ ಆಡಕೋಂತನ ಇರ್ತದ. ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಮ್ಯಾಲಿನ ಸ್ಲೀವ್ ಒಂಚೂರು ಪಕ್ಕಕ್ಕ ಸರೀತದ, ವಾಲ್ವ್ ಮುಚ್ಚೇ ಉಳೀತಾವ, ಪೆಟ್ರೋಲ್ ಬಂದ್, ಸ್ಪಾರ್ಕ್ ಬಂದ್. ಒಳಗ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗ್‌ನಂಗ ಕುಗ್ಗಿ ಹಿಗ್ಗತದ. ಇದೆಲ್ಲಾ ಕಣ್ಣು ಮಿಟುಕಿಸೂದ್ರಾಗ ಮುಗೀತದ.

ಆದ್ರ ಪೆಟ್ರೋಲ್ ಉಳಿತಾಯ ಎಲ್ಲಿಂದ? ಹಗುರ ಓಡಸುವಾಗ ಗಾಳಿ ಒಳಗ ಬಿಡೋ ಥ್ರಾಟಲ್ ಅರ್ಧಮರ್ಧ ತೆರೆದಿರ್ತದ. ಎಂಜಿನ್ ಬಾಯಿಗೆ ಬಟ್ಟಿ ಕಟಗೊಂಡು ಓಡಿದಂಗ, ಗಾಳಿ ಎಳಕೊಳ್ಳಾಕನ ಶಕ್ತಿ ಖರ್ಚು. ಎರಡಕ್ಕ ರಜಾ ಕೊಟ್ರ, ಉಳಿದೆರಡು ಹೆಚ್ಚು ದುಡೀಬೇಕು. ಅದಕ್ಕ ಥ್ರಾಟಲ್ ಅಗಲ ತೆರೀತದ, ಉಸಿರಾಟ ಸಲೀಸು.

ತವಂದಿ ಘಾಟ ಬಂತು, ಕಾಲು ಒತ್ತಿದ್ರಿ: ನಾಲ್ಕೂ ಹಾಜರ್!

ಈ ಐಡಿಯಾ ಹಳೇದು. 1981ರಾಗ ಅಮೇರಿಕಾದ ಕ್ಯಾಡಿಲಾಕ್ ಎಂಟು ಸಿಲಿಂಡರಿನ ಎಂಜಿನ್‌ನ್ನ ಆರಕ್ಕ, ನಾಲ್ಕಕ್ಕ ಇಳಸಿ ನೋಡಿತ್ತು. ಆವಾಗಿನ ಕಂಪ್ಯೂಟರಿಗೆ ಆ ವೇಗ ಎಲ್ಲಿತ್ತು? ಗಿರಾಕಿ ಬೇಸತ್ತು ಸಿಲಿಂಡರ್ ಬಂದ್ ಮಾಡೋ ವೈರನ್ನ ಕತ್ತರಿಸಿ ಹಾಕಿಸಿದ್ರು.

ಒಂದು ಮಾತು. ಗಡಹಿಂಗ್ಲಜ ಪ್ಯಾಟ್ಯಾಗ ಬ್ರೇಕ್, ಕ್ಲಚ್ ಅಂತ ತಿರಗವರಿಗೆ ಇದರ ಲಾಭ ಅಷ್ಟಕ್ಕಷ್ಟ. ಇದೊಂದಕ್ಕಂತ ಹೆಚ್ಚಿನ ರೊಕ್ಕಾ ಕೊಡೂದು ನನಗಂತೂ ಒಪ್ಪಂಗಿಲ್ಲ. ವಾರಕ್ಕೊಮ್ಮೆ ಪುಣೆ ಓಡಾಟ ಇದ್ರ, ಅದರ ಲೆಕ್ಕಾನ ಬ್ಯಾರೆ.