ನಿಮಗಿದು ಗೊತ್ತೇ? ಕೂಸಿನ ಪಿತ್ತನಾಳ ಮತ್ತು 13 ವಾರದ ಸ್ಟೀರಾಯ್ಡ್

◆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಬಿಲಿಯರಿ ಅಟ್ರೇಷಿಯಾ ಎಂಬ ಕಾಯಿಲೆಯಲ್ಲಿ ಮಾತ್ರ ಹಳದಿ ಇರಲೇಬೇಕಾದ ಜಾಗದಲ್ಲೇ ಇರುವುದಿಲ್ಲ: ಕೂಸಿನ ಮಲದಲ್ಲಿ. ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳ ಉರಿಯೂತದಿಂದ ಕಟ್ಟಿಕೊಂಡು ಗಟ್ಟಿಯಾಗಿಬಿಡುತ್ತದೆ. ಮಲಕ್ಕೆ ಬಣ್ಣ ಕೊಡುವುದೇ ಪಿತ್ತರಸ. ಅದು ಇಳಿಯದೆ ಹೋದರೆ ಮಲ ಸುಣ್ಣದ ಹಾಗೆ, ಜೇಡಿಮಣ್ಣಿನ ಹಾಗೆ ಬಿಳಚಿಕೊಳ್ಳುತ್ತದೆ. ಮೂತ್ರಕ್ಕೆ ಬಣ್ಣ ಏರಿ ಬಟ್ಟೆಯಲ್ಲಿ ಹಳದಿ ಕಲೆ ಉಳಿಯುತ್ತದೆ.

◆ ಯುರೋಪು, ಅಮೆರಿಕಗಳಲ್ಲಿ ಸುಮಾರು 15ರಿಂದ 20 ಸಾವಿರ ಹೆರಿಗೆಗೆ ಒಂದು ಕೂಸಿಗೆ ಈ ಕಾಯಿಲೆ. ತೈವಾನಿನಲ್ಲಿ ಐದಾರು ಸಾವಿರಕ್ಕೇ ಒಂದು.

◆ ಈ ಕಾಯಿಲೆಯ ಚಿಕಿತ್ಸೆಗೆ ದಾರಿ ತೋರಿಸಿದವರು ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಮೊರಿಯೊ ಕಸಾಯ್. 1955ರಲ್ಲಿ ಒಂದು ಕೂಸಿನ ಹೊಟ್ಟೆ ತೆರೆದಾಗ ಹೊಲಿಯಲು ನಾಳವೇ ಸಿಗಲಿಲ್ಲ. ಕೊಯ್ದ ಜಾಗದಲ್ಲಿ ರಕ್ತ ಒಸರುತ್ತಿತ್ತು, ಅದನ್ನು ತಡೆಯಲು ಕರುಳನ್ನೇ ತಂದು ಲಿವರಿನ ಬಾಯಿಗೆ ಒತ್ತಿ ಹೊಲಿದರು ಎಂಬ ಕಥೆಯನ್ನು ಶಸ್ತ್ರವೈದ್ಯರು ಇಂದಿಗೂ ಹೇಳಿಕೊಳ್ಳುತ್ತಾರೆ. ಆಮೇಲೆ ನೋಡಿದರೆ ಪಿತ್ತರಸ ಕರುಳಿಗೆ ಇಳಿಯತೊಡಗಿತ್ತು! ಈಗ ಸಣ್ಣ ಕರುಳಿನ ಒಂದು ತುಂಡನ್ನು ಮೇಲೆಳೆದು ಜೋಡಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಹೆಸರು ಮಾತ್ರ ಅವರದೇ, ‘ಕಸಾಯ್’. 1959ರಲ್ಲಿ ಅವರು ಬರೆದದ್ದು ಜಪಾನಿ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಅವರ ಪ್ರಸಿದ್ಧ ಲೇಖನ ಬಂದದ್ದು 1968ಕ್ಕೆ. ಅಂದಹಾಗೆ, ಇದೇ ಕಸಾಯ್ ಅರವತ್ತು ದಾಟಿದ ಮೇಲೆ, 1986ರಲ್ಲಿ, ಟಿಬೆಟಿನ 7,162 ಮೀಟರ್ ಎತ್ತರದ ನ್ಯೆನ್‌ಚೆನ್ ತಾಂಗ್ಲಾ ಶಿಖರವನ್ನು ಮೊದಲ ಬಾರಿಗೆ ಏರಿದ ತಂಡದ ನಾಯಕರಾಗಿದ್ದರು.

◆ ಸ್ಟೀರಾಯ್ಡ್ ಅಂದರೆ ಜಿಮ್ಮಿನ ಹುಡುಗರ ನೆನಪಾಗುವುದು ಸಹಜ. ಕಸಾಯ್ ಆದ ಕೂಸುಗಳಿಗೆ ಕೊಟ್ಟು ನೋಡಿದ್ದು ಆ ಜಾತಿಯದಲ್ಲ, ಉರಿಯೂತ ಇಳಿಸುವ ಜಾತಿಯದು. ತಮಾಷೆಯೆಂದರೆ, ಕೊಲೆಸ್ಟ್ರಾಲಿನಿಂದ ಲಿವರು ತಯಾರಿಸುವ ಪಿತ್ತದ ಆಮ್ಲಗಳೂ ರಚನೆಯಲ್ಲಿ ಸ್ಟೀರಾಯ್ಡ್‌ಗಳೇ.

◆ ಕಸಾಯ್ ಮುಗಿದ ಮೇಲೆ ಸ್ಟೀರಾಯ್ಡ್ ಕೊಟ್ಟರೆ ಉರಿಯೂತ ತಗ್ಗುತ್ತದೆ, ಪಿತ್ತರಸವೂ ಚೆನ್ನಾಗಿ ಹರಿಯುತ್ತದೆ ಎಂಬ ಲೆಕ್ಕಾಚಾರದಲ್ಲಿ ಎಷ್ಟೋ ವರ್ಷ ಎಷ್ಟೋ ಆಸ್ಪತ್ರೆಗಳು ಕೊಡುತ್ತ ಬಂದವು. ಮದ್ದು ಅಗ್ಗ, ತರ್ಕವೂ ಸೊಗಸು. ಆದರೆ ನಿಜಕ್ಕೂ ಕೆಲಸ ಮಾಡುತ್ತದೆಯೇ? ಅಮೆರಿಕದ 14 ಕೇಂದ್ರಗಳು 2005ರಿಂದ 2011ರವರೆಗೆ 140 ಕೂಸುಗಳನ್ನು ಸೇರಿಸಿಕೊಂಡು ಪರೀಕ್ಷಿಸಿದವು. 70 ಕೂಸುಗಳಿಗೆ 13 ವಾರ ಸ್ಟೀರಾಯ್ಡ್: ದಿನಕ್ಕೆ ಕಿಲೋ ತೂಕಕ್ಕೆ 4 ಮಿಲಿಗ್ರಾಂನಂತೆ ಶುರುಮಾಡಿ, ಕ್ರಮೇಣ ಇಳಿಸುತ್ತ. ಉಳಿದ 70ಕ್ಕೆ ಮದ್ದಿನಂತೆ ತೋರುವ ಹುಸಿಮದ್ದು. ಯಾರಿಗೆ ಯಾವುದು ಎಂಬುದು ವೈದ್ಯರಿಗೂ ತಿಳಿಯದು, ತಾಯಿತಂದೆಗೂ ತಿಳಿಯದು.

2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಿಗೆ ಪಿತ್ತರಸ ಸರಿಯಾಗಿ ಹರಿಯುತ್ತಿದ್ದದ್ದು ಸ್ಟೀರಾಯ್ಡ್ ಗುಂಪಿನ 41 ಕೂಸುಗಳಲ್ಲಿ, ಇನ್ನೊಂದರ 34 ಕೂಸುಗಳಲ್ಲಿ. ಏಳು ಕೂಸು ಹೆಚ್ಚಲ್ಲವೇ ಎನ್ನಬಹುದು. ಅಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದು ಎಂದಿತು ಸಂಖ್ಯಾಶಾಸ್ತ್ರ. ಎರಡು ವರ್ಷ ತುಂಬುವ ಹೊತ್ತಿಗೆ ಹುಟ್ಟಿದಾಗಿನ ಲಿವರಿನೊಂದಿಗೇ ಬದುಕಿದ್ದವರ ಪ್ರಮಾಣ ಶೇ. 58.7 ಮತ್ತು ಶೇ. 59.4. ಅಂದರೆ ಸರಿಸಮ. ಸಣ್ಣ ಲಾಭವೊಂದು ಅಡಗಿರಬಹುದು ಎಂಬುದನ್ನು ಇಷ್ಟು ಚಿಕ್ಕ ಅಧ್ಯಯನ ಪೂರ್ತಿ ತಳ್ಳಿಹಾಕಲಾರದು, ಅದು ಬೇರೆ ಮಾತು. ನನ್ನ ಕಣ್ಣು ನಿಂತದ್ದು ಮತ್ತೊಂದು ಅಂಕಿಯ ಮೇಲೆ. ಮೊದಲ 30 ದಿನಗಳಲ್ಲಿ ಗಂಭೀರ ತೊಂದರೆ ಕಂಡದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 37.2, ಪಡೆಯದವರಲ್ಲಿ ಶೇ. 19.

◆ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತಂಡವೂ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ನೋಡಿ 2007ರಲ್ಲಿ ವರದಿ ಮಾಡಿತ್ತು. ಕಾಮಾಲೆ ಬೇಗ ಇಳಿಯಿತು, ಲಿವರ್ ಕಸಿ ಬೇಕಾದವರ ಸಂಖ್ಯೆ ಇಳಿಯಲಿಲ್ಲ.

◆ ಇನ್ನೊಂದು ಪೇಚು ಲಸಿಕೆಯದು. ನಮ್ಮಲ್ಲಿ 6, 10, 14 ವಾರಕ್ಕೆ ಪೋಲಿಯೊ ಹನಿ, ರೋಟಾವೈರಸ್ ಹನಿ ಹಾಕಿಸುತ್ತೇವೆ. ಎರಡರಲ್ಲೂ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುವಾಗ ಜೀವಂತ ಲಸಿಕೆ ಕೂಡದು.

◆ ಕಸಾಯ್ ನಂತರ ಕೊಡುವ ಇನ್ನೊಂದು ಔಷಧಿ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ. ಲ್ಯಾಟಿನ್ನಿನಲ್ಲಿ ‘ಉರ್ಸಸ್’ ಎಂದರೆ ಕರಡಿ. ಇದನ್ನು ಮೊದಲು ಗುರುತಿಸಿದ್ದು ಕರಡಿಯ ಪಿತ್ತದಲ್ಲಿ. ಇಂದಿನ ಸಿರಪ್ಪಿಗೆ ಕರಡಿ ಬೇಕಿಲ್ಲ.

◆ ಪಿತ್ತರಸ ಸಾಲದಿದ್ದರೆ ಕೊಬ್ಬು ಜೀರ್ಣವಾಗದು, ಎ, ಡಿ, ಇ, ಕೆ ವಿಟಮಿನ್‌ಗಳೂ ಮೈಗೆ ಹತ್ತವು. ಪಿತ್ತರಸದ ನೆರವಿಲ್ಲದೆಯೂ ಹೀರಲ್ಪಡುವ ಎಂಸಿಟಿ ಎಣ್ಣೆಯನ್ನು ಹಾಲಿಗೆ ಬೆರೆಸುವುದು ಅದಕ್ಕೇ. ಅದನ್ನು ತೆಗೆಯುವುದು ನಮ್ಮ ಕೊಬ್ಬರಿ ಎಣ್ಣೆಯಂಥವುಗಳಿಂದ.

◆ ಆಸ್ಟ್ರೇಲಿಯಾದಲ್ಲಿ ಬರಗಾಲ ಬಂದು ಜಲಾಶಯದ ನೀರು ಇಂಗಿದಾಗ, ತೆರೆದ ನೆಲದಲ್ಲಿ ಬೆಳೆದ ಡಿಸ್ಫೇನಿಯಾ ಗಿಡ ಮೇಯ್ದ ಕುರಿಗಳು ಪಿತ್ತನಾಳ ಕಟ್ಟಿದ ಮರಿಗಳನ್ನು ಈದವು. ತಾಯಿ ಕುರಿಗಳಿಗೆ ಏನೂ ಆಗಿರಲಿಲ್ಲ. ಆ ಗಿಡದ ವಿಷವನ್ನು ಬೇರ್ಪಡಿಸಿ, ಜೀಬ್ರಾ ಮೀನಿನ ಮರಿಗಳ ಮೇಲೆ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಇಟ್ಟ ಹೆಸರು ಬಿಲಿಯಾಟ್ರೆಸೋನ್. ಮನುಷ್ಯರ ಕೂಸುಗಳು ಈ ಗಿಡದ ತಂಟೆಗೆ ಹೋದದ್ದಿಲ್ಲ, ಆದರೂ ಹೊರಗಿನ ವಿಷವೊಂದು ಇಂಥ ಕೆಲಸ ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

◆ ಕಸಾಯ್ ಎರಡು ತಿಂಗಳು ತುಂಬುವ ಮೊದಲೇ ಆದರೆ ಒಳ್ಳೆಯದು. ನಮ್ಮಲ್ಲಿ ಎಳೆಬಿಸಿಲು ಕಾಯಿಸಿ, ನಾಟಿ ಔಷಧಿ ಕುಡಿಸಿ, ‘ಕಾಮಾಲೆ ತಾನಾಗಿ ಇಳಿಯುತ್ತೆ’ ಎಂದು ಕಾದು, ಆಸ್ಪತ್ರೆ ತಲುಪುವ ಹೊತ್ತಿಗೆ ಎಷ್ಟೋ ಕೂಸುಗಳಿಗೆ ಮೂರು ತಿಂಗಳು. 14 ದಿನ ದಾಟಿಯೂ ಕಣ್ಣು ಹಳದಿಯಿದ್ದರೆ ರಕ್ತದಲ್ಲಿ ‘ಡೈರೆಕ್ಟ್ ಬಿಲಿರುಬಿನ್’ ನೋಡಿಸಬೇಕು. ತೈವಾನಿನಲ್ಲಿ 2004ರಿಂದ ಪ್ರತಿ ಬಾಣಂತಿಯ ಕೈಗೂ ಮಲದ ಬಣ್ಣಗಳ ಚಿತ್ರವಿರುವ ಕಾರ್ಡು ಬರುತ್ತದೆ. ಕೂಸಿನ ಬಟ್ಟೆ ಬದಲಿಸುವಾಗ ಹೋಲಿಸಿ ನೋಡಿದರಾಯಿತು. 60 ದಿನದೊಳಗೆ ಶಸ್ತ್ರಚಿಕಿತ್ಸೆ ಆಗುವ ಕೂಸುಗಳ ಪಾಲು ಅಲ್ಲಿ ಏರಿತು.

◆ ಕಸಾಯ್ ಕೈಕೊಟ್ಟರೆ ಉಳಿಯುವುದು ಲಿವರ್ ಕಸಿ. ಭಾರತದಲ್ಲಿ ಮಗುವಿಗೆ ಮೊದಲು ಯಶಸ್ವಿಯಾಗಿ ಕಸಿ ಮಾಡಿದ್ದು 1998ರಲ್ಲಿ, ದೆಹಲಿಯಲ್ಲಿ. ಕಾಯಿಲೆ ಇದೇ. ಮಗು ಕಾಂಚೀಪುರದ್ದು, ವಯಸ್ಸು 20 ತಿಂಗಳು. ಲಿವರಿನ ತುಂಡು ಕೊಟ್ಟವರು ತಂದೆ. ಆ ಮಗು ಈಗ ಡಾಕ್ಟರು.