ಎಕರೆಗೆ 250 ರೂಪಾಯಿ ಯಾರ ಕೈಗೆ?

ಹಾನಗಲ್, ಹಿರೇಕೆರೂರು ಕಡೆ ಮುಂಗಾರಿನ ಹದ ಮಳೆ ಬಿದ್ದರೆ ಸಾಕು, ಬಂಕುಗಳ ಮುಂದೆ ಟ್ರ್ಯಾಕ್ಟರ್‌ ಸಾಲುಗಟ್ಟುತ್ತವೆ. ಎತ್ತು ಮಾರಿದ ಮನೆಗಳಲ್ಲಿ ರಂಟೆ ಹೊಡೆಯುವುದು, ಹರಗುವುದು, ಗೋವಿನಜೋಳದ ರಾಶಿ ಮಾಡುವುದು ಎಲ್ಲವೂ ಬಾಡಿಗೆ ಯಂತ್ರದಿಂದಲೇ. ಡೀಸೆಲ್ ಏರಿದರೆ ಬಾಡಿಗೆಯೂ ಬೆನ್ನಿಗೇ ಏರುತ್ತದೆ. ಡೀಸೆಲ್ ಇಳಿದಾಗ ಬಾಡಿಗೆ ಇಳಿಯುವುದು ಅಪರೂಪ.

2021ರ ನವೆಂಬರ್ 2ರಂದು ಹಾನಗಲ್ ಉಪಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ ಗೆದ್ದರು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ, ಸವಣೂರನ್ನೂ ಒಳಗೊಂಡ ಪಕ್ಕದ ಶಿಗ್ಗಾವಿ ಕ್ಷೇತ್ರದವರು. ಫಲಿತಾಂಶದ ಮರುದಿನವೇ ಕೇಂದ್ರ ಡೀಸೆಲ್ ಸುಂಕವನ್ನು 10 ರೂಪಾಯಿ, ಪೆಟ್ರೋಲ್ ಸುಂಕವನ್ನು 5 ರೂಪಾಯಿ ಇಳಿಸಿತು. ರಾಜ್ಯ ಎರಡಕ್ಕೂ 7 ರೂಪಾಯಿ ಕಡಿಮೆ ಮಾಡಿತು. ಕಾರಿನವರಿಗೂ ಉಳುವವರಿಗೂ ಒಂದೇ ರಿಯಾಯಿತಿ.

ಉಳುವವರಿಗೇ ಪ್ರತ್ಯೇಕವಾಗಿ ಕೊಡುವ ಯತ್ನ 2022-23ರ ಬಜೆಟ್ಟಿನಲ್ಲಿ ಬಂತು. 'ರೈತ ಶಕ್ತಿ' ಯೋಜನೆಯಡಿ ಎಕರೆಗೆ 250 ರೂಪಾಯಿಯಂತೆ ಗರಿಷ್ಠ ಐದು ಎಕರೆಗೆ ಡೀಸೆಲ್ ಸಹಾಯಧನ, ನೇರ ಬ್ಯಾಂಕ್ ಖಾತೆಗೆ. ಆಗ ಕೃಷಿ ಸಚಿವರಾಗಿದ್ದವರು ಹಿರೇಕೆರೂರಿನ ಬಿ.ಸಿ. ಪಾಟೀಲ. ಲೀಟರಿಗೆ 90 ರೂಪಾಯಿ ಹಿಡಿದರೆ 250ಕ್ಕೆ ಮೂರು ಲೀಟರೂ ಬರುವುದಿಲ್ಲ. ಆದರೂ ಹಣವನ್ನು ಕೈಗೇ ಕೊಡುವ ದಾರಿ ಸರಿಯಾದದ್ದು ಎಂದೇ ನನ್ನ ನಂಬಿಕೆ.

ತೈಲ ಉಕ್ಕುವ ದೇಶಗಳೂ ಈ ದಾರಿಯನ್ನು ಹುಡುಕಿವೆ. ಇರಾನ್ 2010ರ ಡಿಸೆಂಬರಿನಲ್ಲಿ ಪೆಟ್ರೋಲ್, ಡೀಸೆಲ್ ಬೆಲೆ ಏರಿಸಿ, ನೋಂದಾಯಿಸಿದ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 45,500 ತೊಮಾನ್ ಹಂಚಿತು. ಹಣದುಬ್ಬರದಲ್ಲಿ ಆ ಮೊತ್ತ ಸವೆದುಹೋಯಿತಾದರೂ ಆಸ್ತಿ ಪತ್ರವಿಲ್ಲದವರಿಗೂ ಅದು ತಲುಪಿತ್ತು. ಆದರೆ ನೈಜೀರಿಯಾ 2023ರ ಮೇ 29ರಂದು ಸಬ್ಸಿಡಿ ಕೈಬಿಟ್ಟಾಗ ಪೆಟ್ರೋಲ್ ಬೆಲೆ ಕೆಲವೇ ದಿನಗಳಲ್ಲಿ ದುಪ್ಪಟ್ಟು ದಾಟಿತು. ಜನರ ಕೈಗೆ ಮೊದಲೇ ಏನೂ ಬಂದಿರಲಿಲ್ಲ.

ನಮ್ಮಲ್ಲಿ ಸಹಾಯಧನ ಹೋಗುವುದು ಸರ್ಕಾರದ ರೈತ ನೋಂದಣಿಯಾದ 'ಫ್ರೂಟ್ಸ್' ಜಾಡು ಹಿಡಿದು, ಅಂದರೆ ಪಹಣಿಯಲ್ಲಿ ಹೆಸರಿದ್ದವರಿಗೆ. ಲಾವಣಿಗೆ ಹೊಲ ಮಾಡುವವರು ಟ್ರ್ಯಾಕ್ಟರ್ ಬಾಡಿಗೆಯನ್ನು ತಾವೇ ಕೊಡುತ್ತಾರೆ, ಹಣ ಮಾತ್ರ ಮಾಲೀಕರ ಖಾತೆಗೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿ ಕೊಡುವುದಕ್ಕೇ ನಿರ್ಬಂಧವಿರುವುದರಿಂದ ಒಪ್ಪಂದವೆಲ್ಲ ಬಾಯಿಮಾತಿನದು. ಸಾಗುವಳಿದಾರರೆಂದು ಪಹಣಿಯಲ್ಲಿ ಹೆಸರು ಸೇರಿದರೆ ಹೊಲ ಕೈತಪ್ಪೀತು ಎಂಬುದು ಮಾಲೀಕರ ಭಯ. ಕೇಳಿದರೆ ಮುಂದಿನ ವರ್ಷ ಹೊಲ ಸಿಗದು ಎಂಬುದು ಉಳುವವರ ಭಯ. ಸಣ್ಣ ಹಿಡುವಳಿಯ ಮಾಲೀಕರ ಆತಂಕವನ್ನೂ ನಾನು ತಳ್ಳಿಹಾಕಲಾರೆ. ಭೂಮಿಯ ಹಕ್ಕನ್ನು ಮುಟ್ಟದೆ, ಆ ಹಂಗಾಮಿಗಷ್ಟೇ ಉಳುವವರ ಹೆಸರು ದಾಖಲಿಸುವ ವ್ಯವಸ್ಥೆಯನ್ನು ಕಾನೂನು ಮಾಡಿಕೊಡಬೇಕು.

ರಾಜ್ಯ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿಸಿದೆ. ಆ ತೆರಿಗೆ ಕಟ್ಟುವಾಗ ಯಾರೂ ಪಹಣಿ ಕೇಳುವುದಿಲ್ಲ.