ನೋವಿಗೆ ಎಷ್ಟು ಪರ್ಸೆಂಟ್?

ಅಕ್ಕನಿಗೆ ಆಮವಾತ ಹಿಡಿದು 11 ವರ್ಷ. ಜಿಲ್ಲಾಸ್ಪತ್ರೆಯ ಅಂಗವೈಕಲ್ಯ ತಪಾಸಣೆಯ ಬೋರ್ಡಿಗೆ ಹೋಗಬೇಕಿದ್ದ ದಿನ ಬೆಳಗಿನ ಜಾವ ನಾಲ್ಕೂವರೆಗೇ ಎದ್ದಳು. ಬೆರಳುಗಳ ಬಿಗಿತ ಬಿಡಬೇಕಾದರೆ ಎರಡು ಗಂಟೆ ಬೇಕು. ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಅಡುಗೆಮನೆಯಲ್ಲಿ ಕೂತಳು. ಮಗಳು ಜಡೆ ಹೆಣೆದಳು, ಸೀರೆಯ ನೆರಿಗೆ ಹಿಡಿದು ಸಿಕ್ಕಿಸಿದಳು, ಇಡ್ಲಿ ಮುರಿದು ಬಾಯಿಗಿಟ್ಟಳು. ನಾಲ್ಕು ಜನರೆದುರು ನರಳಬಾರದು ಅಂತ ಹೊರಡುವಾಗ ಎರಡು ನೋವಿನ ಮಾತ್ರೆ ನುಂಗಿದಳು. ಹನ್ನೊಂದು ಗಂಟೆಗೆ ಒಳಗೆ ಕರೆದರು. 'ಹೇಗಿದ್ದೀರಮ್ಮ?' ಅಂದರು ಡಾಕ್ಟರು. 'ಚೆನ್ನಾಗಿದ್ದೀನಿ ಸಾರ್' ಅಂದಳು. ಮುಷ್ಟಿ ಕಟ್ಟಿ ಅಂದರು, ಕಟ್ಟಿದಳು. ಕೈ ಎತ್ತಿ ಅಂದರು, ಎತ್ತಿದಳು. ಹತ್ತು ನಿಮಿಷವೂ ಹಿಡಿಯಲಿಲ್ಲ. ಪ್ರಮಾಣಪತ್ರದಲ್ಲಿ ಬಂದದ್ದು ಶೇ. 28. ಬಹುತೇಕ ಸೌಲಭ್ಯಗಳಿಗೆ ಬೇಕಾದದ್ದು 40.

ಡಾಕ್ಟರು ಕಂಡಷ್ಟನ್ನು ಬರೆದರು, ಅಕ್ಕ ಕೇಳಿದಷ್ಟಕ್ಕೆ ಉತ್ತರ ಕೊಟ್ಟಳು. ನಾಲ್ಕೂವರೆಯಿಂದ ಹನ್ನೊಂದರ ತನಕ ಮನೆಯಲ್ಲಿ ನಡೆದದ್ದು ಮಾತ್ರ ಆ ಕೋಣೆಯೊಳಗೆ ಬರಲೇ ಇಲ್ಲ. ವರ್ಷಗಟ್ಟಲೆ ನೋವು ತಿಂದವರು ಅಂಗವೈಕಲ್ಯದ ತಪಾಸಣೆಗೆ ಹೋಗಿ ಬರಿಗೈಲಿ ವಾಪಸು ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಂಥವರಿಗೂ, ಅವರ ಕೈಹಿಡಿದು ಆಸ್ಪತ್ರೆಗೆ ಹೋಗುವವರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಹಿ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮಲ್ಲಿ ನಡೆಯುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಆ 21ರಲ್ಲಿ 'ದೀರ್ಘಕಾಲದ ನೋವು' ಎಂಬುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ಕಾಯಿಲೆಗಳ ವರ್ಗೀಕರಣದಲ್ಲಿ ಮೂರು ತಿಂಗಳು ಮೀರಿದ ನೋವಿಗೆ ಅದರದೇ ಜಾಗವಿದೆ, ಅದರದೇ ಸಂಕೇತ ಸಂಖ್ಯೆಯಿದೆ. ನಮ್ಮ ಕಾಯ್ದೆಯ ಪಟ್ಟಿ ಇನ್ನೂ ಅಲ್ಲಿಗೆ ಬಂದಿಲ್ಲ. ಇದು ಅನ್ಯಾಯವೇ, ಸಂದೇಹವಿಲ್ಲ. ಆದರೂ ದಾರಿ ಇದೆ. ನೋವು ಪಟ್ಟಿಯಲ್ಲಿಲ್ಲದಿದ್ದರೂ ನೋವಿನ ಮೂಲ ಅಲ್ಲಿರಬಹುದು, ನೋವು ಕಿತ್ತುಕೊಂಡ ಚಲನೆಯಂತೂ ಖಂಡಿತ ಇದೆ. ಕೀಲು, ಮೂಳೆ, ಸ್ನಾಯು, ನರಗಳ ತೊಂದರೆಯಿಂದ ಓಡಾಟ, ಕೈಕೆಲಸ ಕುಂಠಿತವಾದರೆ ಅದು 'ಚಲನವಲನದ ಅಂಗವೈಕಲ್ಯ'. ಆಮವಾತ, ಬೆನ್ನೆಲುಬಿನ ಬಿಗಿತ, ಅಪಘಾತದಲ್ಲಿ ಪುಡಿಯಾದ ಮೊಣಕಾಲು ಎಲ್ಲ ಈ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಹಿಮೋಫಿಲಿಯಾ ಇವುಗಳಿಗೆ ಪಟ್ಟಿಯಲ್ಲಿ ಹೆಸರಿಟ್ಟೇ ಜಾಗ ಕೊಟ್ಟಿದ್ದಾರೆ.

ಸಿಕಲ್ ಸೆಲ್ ರಕ್ತಹೀನತೆಯೂ ಪಟ್ಟಿಯಲ್ಲಿದೆ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಈ ಕಾಯಿಲೆಯವರಿದ್ದಾರೆ. ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಎದ್ದೇಳುವ ನೋವು ಸಹಿಸಲಾಗದ್ದು. ಅದು ಇಳಿದ ಮೇಲೆ ನೋಡಿದವರಿಗೆ ಮೈಮೇಲೆ ಒಂದು ಗುರುತೂ ಕಾಣದು. ಆದ್ದರಿಂದ ಇವರಿಗೆ ಪ್ರತಿಸಲದ ಡಿಸ್ಚಾರ್ಜ್ ಚೀಟಿಯೇ ಸಾಕ್ಷಿ. ಒಂದನ್ನೂ ಕಳೆಯಬೇಡಿ.

ಇನ್ನು, ಬೋರ್ಡು ಪರ್ಸೆಂಟೇಜನ್ನು ಹೇಗೆ ಹಾಕುತ್ತದೆ? ಇದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿ 2018ರ ಜನವರಿಯಲ್ಲಿ ಬಂತು, 2024ರ ಮಾರ್ಚ್‌ನಲ್ಲಿ ಪರಿಷ್ಕರಣೆಯಾಯಿತು. ಕೀಲು ಎಷ್ಟು ಮಡಚುತ್ತದೆ ಎಂಬುದನ್ನು ಗೋನಿಯೋಮೀಟರ್ ಎಂಬ ಕೋನಮಾಪಕ ಇಟ್ಟು ನೋಡುತ್ತಾರೆ. ಸ್ನಾಯುವಿನ ಬಲಕ್ಕೆ 0ಯಿಂದ 5ರ ವರೆಗೆ ದರ್ಜೆ ಕೊಡುತ್ತಾರೆ. ಇವೆರಡೂ ಅಳತೆಯ ಮಾತು, ನೋವಿಗೆ ಇಲ್ಲಿ ಜಾಗ ಕಡಿಮೆ. ಬೆನ್ನೆಲುಬಿನ ಕೋಷ್ಟಕದಲ್ಲಿ ನೋವಿನ ಪ್ರಸ್ತಾಪ ಕೆಲವು ಕಡೆ ಬಂದರೂ ಅದಕ್ಕಿಟ್ಟ ಅಂಕಿಗಳು 40ಕ್ಕಿಂತ ಕೆಳಗಿವೆ.

ನೋವಿಗೆ ಬಾಯಿ ಬರುವುದು ಮೂರನೆಯ ಭಾಗದಲ್ಲಿ, ದಿನನಿತ್ಯದ ಕೆಲಸಗಳ ಪಟ್ಟಿಯಲ್ಲಿ. ಕಾಲಿನ ವಿಚಾರಕ್ಕೆ ಏನೇನು ನೋಡುತ್ತಾರೆ ಗೊತ್ತೇ? ಸಮತಟ್ಟು ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ತೊಂದರೆಯಿರುವ ಒಂದೇ ಕಾಲ ಮೇಲೆ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಕೈಗೆ ಬಂದರೆ, ತಲೆಯ ಮೇಲಿನ ವಸ್ತು ಎತ್ತಿಡುವುದು, ಕೈಯಲ್ಲಿ ಕಲಸಿ ಉಣ್ಣುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಶೌಚದ ನಂತರ ತೊಳೆದುಕೊಳ್ಳುವುದು, ಲೋಟದಲ್ಲಿ ನೀರು ಕುಡಿಯುವುದು, ಬರೆಯುವುದು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಕ್ಕನ ಜಡೆ, ನೆರಿಗೆ, ಇಡ್ಲಿ ಎಲ್ಲವೂ ಅಲ್ಲಿತ್ತು. ಆ ಬೆಳಿಗ್ಗೆ ಮಗಳು ಮಾಡಿಕೊಟ್ಟ ಒಂದೊಂದು ಕೆಲಸಕ್ಕೂ ಅಂಕವಿತ್ತು, ನಾವೇ ಹೇಳಲಿಲ್ಲ.

ಒಂದಕ್ಕಿಂತ ಹೆಚ್ಚು ಭಾಗಗಳಲ್ಲಿ ತೊಂದರೆ ಇದ್ದರೆ ಅಂಕಿಗಳನ್ನು ಸುಮ್ಮನೆ ಕೂಡಿಸುವುದಿಲ್ಲ. 2018ರ ಸೂತ್ರದ ಪ್ರಕಾರ ಒಂದಕ್ಕೆ 30, ಇನ್ನೊಂದಕ್ಕೆ 20 ಬಂದರೆ ಒಟ್ಟು 50 ಆಗುವುದಿಲ್ಲ, 43ರ ಆಸುಪಾಸು ನಿಲ್ಲುತ್ತದೆ. ಆದರೂ 40ರ ಗೆರೆ ದಾಟಿತಲ್ಲ! ಹಾಗಾಗಿ ಮುಖ್ಯ ನೋವನ್ನಷ್ಟೇ ಹೇಳಿ ಸುಮ್ಮನಾಗಬೇಡಿ. ಬಲಗೈ ಜೊತೆಗೆ ಎಡ ಮೊಣಕಾಲೂ ಹಿಡಿದುಕೊಂಡಿದ್ದರೆ ಅದೂ ಕಾಗದದ ಮೇಲೆ ಬರಬೇಕು. ವರ್ಷಾನುಗಟ್ಟಲೆ ನೋವಿನ ಜೊತೆ ಖಿನ್ನತೆ ಬಂದು ಮನೋವೈದ್ಯರ ಚಿಕಿತ್ಸೆ ನಡೆಯುತ್ತಿದ್ದರೆ, ಮಾನಸಿಕ ಕಾಯಿಲೆಯೂ ಆ 21ರಲ್ಲಿ ಒಂದು. ಅದರ ಮಾಪನ ಬೇರೆಯೇ ಇದೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ ಈ ನಾಲ್ಕನ್ನು ಅಲ್ಲಿ ಅಳೆಯುತ್ತಾರೆ. ನಾಚಿಕೆಯಿಂದ ಆ ಫೈಲನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ತಯಾರಿ ಶುರುವಾಗಬೇಕಾದದ್ದು ಗೋಡೆಯ ಕ್ಯಾಲೆಂಡರಿನಿಂದ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುತ್ತೇವಲ್ಲ, ಅದೇ ಚೌಕದಲ್ಲಿ ದಿನಕ್ಕೊಂದು ಸಾಲು ಬರೆಯಿರಿ. 'ತುಂಬಾ ನೋವು' ಅಂತ ಬರೆದರೆ ಪ್ರಯೋಜನವಿಲ್ಲ. 'ಮುದ್ದೆ ತೊಳಸಲು ಆಗಲಿಲ್ಲ, ಮಗಳು ಮಾಡಿದಳು', 'ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಕೊಟ್ಟರು', 'ರಾತ್ರಿ ಮೂರು ಸಲ ಎದ್ದೆ', 'ಕುಕ್ಕರಿನ ಮುಚ್ಚಳ ತಿರುಗಲಿಲ್ಲ' ಅಂತ ಬರೆಯಿರಿ. ಒಳ್ಳೆಯ ದಿನ ಬಂದರೆ ಅದನ್ನೂ ಬರೆಯಿರಿ. ಎರಡು ಮೂರು ತಿಂಗಳ ಹಾಳೆ ಸೇರಿದಾಗ ತಿಂಗಳಿಗೆ ಒಳ್ಳೆಯ ದಿನ ಎಷ್ಟು, ಕೆಟ್ಟ ದಿನ ಎಷ್ಟು ಎಂಬುದು ತಾನಾಗಿ ಕಾಣುತ್ತದೆ. ಬೋರ್ಡಿನ ಡಾಕ್ಟರು ನೋಡುವುದು ನಿಮ್ಮ ಒಂದು ದಿನವನ್ನು. ಉಳಿದ ದಿನಗಳನ್ನು ನೀವೇ ಹೊತ್ತು ತರಬೇಕು.

ಆ ಹಾಳೆಗಳನ್ನು ಮೊದಲು ನಿಮಗೆ ಚಿಕಿತ್ಸೆ ಕೊಡುವ ಡಾಕ್ಟರಿಗೆ ತೋರಿಸಿ. ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ, ಯಾವ ಯಾವ ಔಷಧ ಕೊಟ್ಟು ನೋಡಿದ್ದಾರೆ, ಈಗ ಏನು ಮಾಡಲಾಗುವುದಿಲ್ಲ, ಇಷ್ಟನ್ನು ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡರೆ ಬೋರ್ಡಿನ ಎದುರು ಅದಕ್ಕೆ ತೂಕ ಹೆಚ್ಚು. ಎಕ್ಸ್‌ರೇ, ಎಂಆರ್‌ಐ, ರಕ್ತಪರೀಕ್ಷೆ, ಹಳೆಯ ಒಪಿಡಿ ಚೀಟಿ ಎಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಫೈಲಿಗೆ ಹೋಗಲಿ. ನೋವನ್ನು ಹೇಳುವಾಗ ನಮ್ಮ ಮಾತುಗಳನ್ನೇ ಬಳಸಿ. 'ಪೇನ್ ಇದೆ ಡಾಕ್ಟ್ರೇ' ಅಂದರೆ ಏನೂ ಹೇಳಿದಂತಾಗಲಿಲ್ಲ. ಉರಿ, ಜೋಮು, ಕರೆಂಟ್ ಹೊಡೆದ ಹಾಗೆ ಅಂದರೆ ನರದ ಕಡೆ ಯೋಚಿಸುತ್ತಾರೆ. ಬೆಳಿಗ್ಗೆ ಬಿಗಿತ, ಮಧ್ಯಾಹ್ನದ ಹೊತ್ತಿಗೆ ಸಡಿಲ ಅಂದರೆ ವಾತದ ಕಡೆ. ಸೆಳೆತ, ಕಡಿತ, ಚುಚ್ಚು, ಹಿಂಡುವಿಕೆ ಒಂದೊಂದೂ ಬೇರೆ. ಕನ್ನಡದಲ್ಲಿ ಇಷ್ಟು ಮಾತುಗಳಿರುವಾಗ ಇಂಗ್ಲಿಷಿನ ಒಂದೇ ಪದಕ್ಕೆ ಜೋತುಬೀಳಬೇಕಿಲ್ಲ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. 2021ರ ಜೂನ್ 1ರಿಂದ ಪ್ರಮಾಣಪತ್ರ ಇದರ ಮೂಲಕವೇ ಸಿಗಬೇಕು. ಆಧಾರ್, ಫೋಟೊ, ವಿಳಾಸದ ದಾಖಲೆ ಬೇಕು. ಮೊಬೈಲಿನಲ್ಲಿ ತಡಕಾಡುವುದು ಕಷ್ಟವಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಊರಲ್ಲಿ ಅವರನ್ನು ವಿಆರ್‌ಡಬ್ಲ್ಯು ಅನ್ನುತ್ತಾರೆ, ಅವರಲ್ಲಿ ಹಲವರು ಸ್ವತಃ ವಿಕಲಚೇತನರು. ತಾಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ. ನೀವು ವಾಸವಿರುವ ಜಿಲ್ಲೆಯಲ್ಲೇ ತಪಾಸಣೆಯಾಗಬೇಕೆಂದಿಲ್ಲ. ನಿಮ್ಮ ಕಾಯಿಲೆಗೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ.

ಬೋರ್ಡಿನ ದಿನ ಮಾತ್ರೆ ಬಿಡಬೇಡಿ. ನೋವು ತೋರಿಸಲೆಂದು ಔಷಧ ತಪ್ಪಿಸುವುದು ಅಪಾಯ. ಬದಲಿಗೆ ಬಾಯಿಬಿಟ್ಟು ಹೇಳಿ: 'ಸಾರ್, ಎಂಟು ಗಂಟೆಗೆ ಮಾತ್ರೆ ತಗೊಂಡಿದ್ದೀನಿ, ಮಧ್ಯಾಹ್ನದವರೆಗೆ ಅದರ ಬಲ. ಬೆಳಿಗ್ಗೆ ಆರಕ್ಕೆ ಈ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ.' ಮೆಟ್ಟಿಲು ಹತ್ತಿ ಅಂದರೆ ಹತ್ತಿ, ಆಮೇಲೆ ಏನಾಗುತ್ತದೆ ಅಂತ ಕೂಡಲೇ ಹೇಳಿ: 'ಹತ್ತಬಲ್ಲೆ, ಆದರೆ ಹತ್ತಿದ ಮೇಲೆ ಅರ್ಧ ಗಂಟೆ ಕೂರಬೇಕು. ಎರಡನೇ ಸಲ ಆಗುವುದಿಲ್ಲ.' ಬ್ರಿಟನ್ನಿನಲ್ಲಿ ಅಂಗವಿಕಲರಿಗೆ ಕೊಡುವ 'ಪಿಐಪಿ' ಭತ್ಯೆಗೆ ಇದೇ ನಿಯಮ. ಒಂದು ಕೆಲಸವನ್ನು ಅಪಾಯವಿಲ್ಲದೆ, ಒಪ್ಪುವಂತೆ, ಮತ್ತೆ ಮತ್ತೆ, ಸರಿಯಾದ ಸಮಯದೊಳಗೆ ಮಾಡಲು ಆದರೆ ಮಾತ್ರ 'ಮಾಡಬಲ್ಲರು' ಅಂತ ಲೆಕ್ಕ. ನಮ್ಮ ತಪಾಸಣೆಗೂ ಅಂಥದ್ದೊಂದು ನಿಯಮ ಬರಬೇಕು. ಬರುವ ತನಕ ನೀವೇ ಹೇಳಬೇಕು, ಕೇಳಲಿ ಅಂತ ಕಾಯಬಾರದು. 'ಹೇಗಿದ್ದೀರಿ' ಎಂಬುದು ಆ ಕೋಣೆಯಲ್ಲಿ ಕ್ಷೇಮಸಮಾಚಾರದ ಮಾತಾಗಿರುವುದಿಲ್ಲ. ಮನೆಯಲ್ಲಿ ನಿಮಗೆ ಕೈಯಾಸರೆ ಕೊಡುವವರನ್ನು ಜೊತೆಗೆ ಕರೆದೊಯ್ಯಿರಿ. ನೀವು ನಾಚಿ ನುಂಗುವುದನ್ನು ಅವರು ಹೇಳುತ್ತಾರೆ.

ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸಲೂಬೇಡಿ. ಪರೀಕ್ಷೆಯ ಮೇಜಿನ ಮೇಲೆ ಎತ್ತಲಾಗದ ಕಾಲು ಬಾಗಿಲ ಹತ್ತಿರ ಸಲೀಸಾಗಿ ಎತ್ತಿದರೆ ಡಾಕ್ಟರ ಕಣ್ಣಿಗೆ ಬೀಳುತ್ತದೆ, ಆಗ ನಿಜವಾದ ನೋವನ್ನೂ ನಂಬುವುದಿಲ್ಲ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಕಾಯ್ದೆಯಲ್ಲಿದೆ.

ಶೇ. 40 ಬಂದರೆ ಕಾಯ್ದೆಯ ಪ್ರಕಾರ ಬಹುತೇಕ ಸೌಲಭ್ಯಗಳಿಗೆ ಬಾಗಿಲು ತೆರೆಯಿತು. ಸರ್ಕಾರಿ ನೌಕರಿಯಲ್ಲಿ ಶೇ. 4ರ ಮೀಸಲಾತಿಯೂ ಅದರಲ್ಲಿ ಸೇರಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯದಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ, ಶೇ. 80 ಮುಟ್ಟಿದರೆ 1,25,000. ಕರ್ನಾಟಕದ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರದ ಜೊತೆ ಬೇರೆ ಅರ್ಜಿ ಹಾಕಬೇಕು, ಅಂಗವೈಕಲ್ಯದ ಪ್ರಮಾಣಪತ್ರ ಬಂತೆಂದು ಅದು ತಾನಾಗಿ ಬರುವುದಿಲ್ಲ. ಮೊತ್ತಕ್ಕೆ 75 ಎಂಬ ಇನ್ನೊಂದು ಗೆರೆಯೂ ಇದೆ. 40 ದಾಟಿ 75ಕ್ಕೆ ಮುಟ್ಟದವರಿಗೆ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿಸಿದರು. ಒಂದು ತಿಂಗಳ ಮಾತ್ರೆಗೂ ಸಾಲದ ಹಣ ಅದು. ಆದರೂ ನಿಮ್ಮ ಹಕ್ಕು, ಬಿಡಬೇಡಿ.

40ಕ್ಕಿಂತ ಕಡಿಮೆ ಬಂದವರು ಪ್ರಮಾಣಪತ್ರವನ್ನು ಹರಿದು ಬಿಸಾಡಬೇಡಿ. ಅಂಗವಿಕಲರು ಯಾರು ಎಂಬ ಕಾಯ್ದೆಯ ವ್ಯಾಖ್ಯೆಯಲ್ಲಿ 40 ಎಂಬ ಅಂಕಿಯೇ ಇಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನೇ ಹೇಳಿತು. ಪರೀಕ್ಷೆಗೆ ಲಿಪಿಕಾರರಂಥ ಅನುಕೂಲವನ್ನು 40ರ ಗೆರೆ ತೋರಿಸಿ ನಿರಾಕರಿಸುವಂತಿಲ್ಲ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇರುವವರಿಗೆ ಇದು ಬಹಳ ಮುಖ್ಯ. ಅವರ ಕೀಲು ಮಡಚುತ್ತದೆ, ಬಲವೂ ಇರುತ್ತದೆ, ಇಂದಿನ ಅಳತೆಯಲ್ಲಿ 40 ಸಿಗುವುದು ತೀರಾ ಕಷ್ಟ. ಅವರಿಗೆ ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಆದರೆ ಕೆಲಸದ ಜಾಗದಲ್ಲಿ ಕೂರಲು ಸರಿಯಾದ ಕುರ್ಚಿ, ನಡುವೆ ವಿಶ್ರಾಂತಿ ಕೇಳುವಾಗ ಆ ತೀರ್ಪು ಮತ್ತು ವೈದ್ಯರ ಪತ್ರ ಎರಡೂ ಬೆನ್ನಿಗಿವೆ.

ಅಂಕಿ ಒಪ್ಪಿಗೆಯಾಗದಿದ್ದರೆ ತೀರ್ಮಾನದ ದಿನದಿಂದ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಯಾವ ಕೆಲಸವನ್ನು ಪರೀಕ್ಷಿಸಲೇ ಇಲ್ಲ, ಯಾವ ವರದಿ ನೋಡಲಿಲ್ಲ ಎಂಬುದನ್ನು ಅರ್ಜಿಯಲ್ಲಿ ಒಂದೊಂದಾಗಿ ಬರೆಯಿರಿ. 'ನನಗೆ ಅನ್ಯಾಯವಾಗಿದೆ' ಎಂಬ ಒಂದು ಸಾಲಿನಿಂದ ಕೆಲಸ ಆಗುವುದಿಲ್ಲ.

ಅಕ್ಕ ಎಪ್ಪತ್ತನೆಯ ದಿನ ಮೇಲ್ಮನವಿ ಹಾಕಿದಳು. ಈ ಸಲ ಮಗಳೂ ಒಳಗೆ ಹೋದಳು, ಕ್ಯಾಲೆಂಡರಿನ ಎರಡು ಹಾಳೆಗಳೂ ಹೋದವು. 'ಜಡೆ ಯಾರು ಹಾಕಿದ್ದು?' ಅಂತ ವೈದ್ಯೆಯೊಬ್ಬರು ಕೇಳಿದರಂತೆ. ಅಂಗಿಯ ಗುಂಡಿ ಹಾಕಿ ತೋರಿಸಲು ಹೇಳಿದರು, ಮೂರನೆಯದಕ್ಕೆ ಕೈ ನಿಂತಿತು. ಶೇ. 41 ಬಂತು, ತಾತ್ಕಾಲಿಕ, ಮೂರು ವರ್ಷಕ್ಕೆ. ಅವಧಿ ಮುಗಿದ ಮೇಲೆ ಓಡಾಡಬಾರದೆಂದು ಪ್ರತಿ ಯುಗಾದಿಗೆ ಹೊಸ ಕ್ಯಾಲೆಂಡರ್ ತೂಗುಹಾಕುವಾಗ ಮಗಳು ಆ ತಾರೀಖನ್ನು ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡುತ್ತಾಳೆ. ಮುಂಬದಿಯ ಚೌಕಗಳಲ್ಲಿ ಹಾಲಿನ ಲೆಕ್ಕದ ಪಕ್ಕ ಅಕ್ಕನ ಸಾಲುಗಳು. ನಿನ್ನೆ ನೋಡಿದೆ: 'ಇವತ್ತು ನಾನೇ ಹೂ ಕಟ್ಟಿದೆ. ಒಂದು ಮೊಳ.'